ಬಲಗಡೆ ಬಾಗಿಲು

ಹಾಲಿಸ್ ಥೋರ್ಸನ್ ಅನ್ನುವ ಮನುಷ್ಯನಲ್ಲಿ ನಾನು ಮೊದಲು ನೋಡಿದ್ದು ಅವನ ಬೂಟುಗಳನ್ನು.

ಆಗ ನಾನು ಶಾಲೆಯ ಆಟೊ ಶಾಪಿನಲ್ಲಿ, ಅಂದರೆ ಮಕ್ಕಳು ಗಾಡಿ ರಿಪೇರಿ ಕಲಿಯುವ ಶೆಡ್ಡಿನಲ್ಲಿ, ಪ್ರಿನ್ಸಿಪಾಲರ ಹೆಂಡತಿಯ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಸೈಲೆನ್ಸರಿನ ಒಂದು ಬೋಲ್ಟು ಹಟ ಹಿಡಿದು ಕೂತಿತ್ತು. ಪಕ್ಕದಲ್ಲಿ ಎರಡು ಬೂಟು ಬಂದು ನಿಂತವು. ಬಿಡಿಭಾಗ ತರಬೇಕಿದ್ದ ಅಂಗಡಿ ಹುಡುಗ ಕೊನೆಗೂ ಬಂದ ಅಂದುಕೊಂಡೆ.

"ಈಗ ಬಂದ್ಯಾ? ಆ ಟಾರ್ಚ್ ತಗೊಂಡು ಇಲ್ಲಿ ಬೆಳಕು ಹಿಡಿ."

ಬೆಳಕು ಬಂತು.

"ಎಡಕ್ಕೆ. ನನ್ನ ಎಡಕ್ಕೆ ಮಾರಾಯ, ನಿನ್ನ ಎಡಕ್ಕಲ್ಲ."

ಬೆಳಕು ಸರಿಯಿತು. ಬೋಲ್ಟು ಬಿಚ್ಚುವ ತನಕ ಅದು ಒಂದಿಷ್ಟೂ ಅಲುಗಲಿಲ್ಲ. ಅಂಗಡಿ ಹುಡುಗನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಅನ್ನಿಸಿ ಹೊರಗೆ ಜಾರಿ ಬಂದು ನೋಡಿದರೆ, ಅಲ್ಲಿದ್ದದ್ದು ಹುಡುಗನಲ್ಲ. ನಲವತ್ತು ದಾಟಿದ ಒಬ್ಬ ಗಂಡಸು, ಒಂದು ಕೈಯಲ್ಲಿ ಹ್ಯಾಟು, ಇನ್ನೊಂದರಲ್ಲಿ ನನ್ನ ಟಾರ್ಚು. ಹ್ಯಾಟು ಕೂರುವ ಗೆರೆಯಿಂದ ಕೆಳಗೆ ಮುಖ ಬಿಸಿಲಿಗೆ ಕಂದಿತ್ತು. ಮೇಲಿನ ಹಣೆ ಹಾಲಿನಷ್ಟು ಬೆಳ್ಳಗಿತ್ತು.

"ಯಾರು ನೀವು?"

"ಹಾಲಿಸ್ ಥೋರ್ಸನ್. ಒಂದು ಹಳೇ ಪಿಕಪ್ ಇದೆ. ನಿಮ್ಮ ಕ್ಲಾಸಿಗೆ ರಿಪೇರಿಗೆ ಕೊಡೋಣ ಅಂತ ಬಂದೆ."

"ಅಯ್ಯೋ, ಮೊದಲೇ ಹೇಳೋದಲ್ವಾ?"

"ನೀವು ಬೆಳಕು ಹಿಡಿ ಅಂದ್ರಿ," ಅಂದ ಅವನು. ಬಾಯಿ ನಗಲಿಲ್ಲ. ಕಣ್ಣಂಚಿನ ಗೆರೆಗಳು ಮಾತ್ರ ಒಂದು ಕ್ಷಣ ಒಟ್ಟಾಗಿ ಮತ್ತೆ ಬಿಡಿಸಿಕೊಂಡವು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಮುಖಕ್ಕೆ ಮೆತ್ತಿದ್ದ ಗ್ರೀಸನ್ನು ತೋಳಿನಿಂದ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಹರಡಿಕೊಂಡೆ.

ಪಿಕಪ್ಪನ್ನು ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆದುಕೊಂಡು ಬಂದಿದ್ದ. ಅವನ ದೊಡ್ಡಪ್ಪ ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಕೊಂಡ ಗಾಡಿ. ಮೂವತ್ತು ವರ್ಷದಿಂದ ಅವನ ದನ ಸಾಕುವ ರ‍್ಯಾಂಚಿನ ಮರಗಳ ಸಾಲಿನಲ್ಲಿ ನಿಂತಲ್ಲೇ ನಿಂತಿತ್ತು. ಬಣ್ಣ ಯಾವುದೆಂದು ತುಕ್ಕಿಗೇ ಗೊತ್ತು. ನನ್ನ ವಿದ್ಯಾರ್ಥಿನಿ ಬ್ರೀ, ವೆಲ್ಡಿಂಗಿನಲ್ಲಿ ಇಡೀ ಶಾಲೆಗೆ ಮುಂದಿರುವವಳು, ಒಳಗೆ ಇಣುಕಿ ಕೂಗಿದಳು:

"ಮಿಸ್, ಸೀಟ್ ಮೇಲೆ ಮೊಟ್ಟೆ ಇದೆ!"

"ಕೋಳಿ ಹೇಳದೇ ಕೇಳದೇ ಬಾಡಿಗೆಗಿದ್ವು," ಅಂದ ಹಾಲಿಸ್. "ಅವಕ್ಕೆ ಬೇರೆ ಮನೆ ಮಾಡಿಕೊಟ್ಟಿದೀನಿ."

ನಮ್ಮ ಊರು ಲಾರ್ಕ್ ಕ್ರೀಕ್. ನೆಬ್ರಾಸ್ಕಾದ ಹುಲ್ಲುಗುಡ್ಡಗಳ ನಡುವೆ ಒಂದೇ ಬೀದಿಯ ಊರು. ನಾನು, ಜೊಲೀನ್ ಪೆಶೆಕ್, ಇಲ್ಲಿನ ಹೈಸ್ಕೂಲಿಗೆ ಆಟೊ ಶಾಪ್ ಟೀಚರಾಗಿ ಬಂದು ಎರಡು ವರ್ಷ. ಪ್ರತಿ ವರ್ಷ ಕೊನೆಯ ತರಗತಿಯ ಮಕ್ಕಳು ಒಂದು ಹಳೆಯ ಗಾಡಿಗೆ ಜೀವ ಕೊಡುತ್ತಾರೆ. ಮೇ ತಿಂಗಳ ಕೊನೆಗೆ ಊರ ಮೆರವಣಿಗೆಯಲ್ಲಿ ಅದನ್ನು ಓಡಿಸಿ, ಒಡೆಯನಿಗೆ ಒಪ್ಪಿಸುತ್ತಾರೆ. ಮದುವೆ ಅನ್ನುವ ವಿಷಯವನ್ನು ನಾನು ಮೂವತ್ತೈದಕ್ಕೇ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಆಗ ನನಗೆ ಮೂವತ್ತೊಂಬತ್ತು.

ಒಡೆಯರು ಸಾಮಾನ್ಯವಾಗಿ ಗಾಡಿ ಬಿಟ್ಟು ಹೋದವರು ಮೇ ತನಕ ತಲೆ ಹಾಕುವುದಿಲ್ಲ. ಹಾಲಿಸ್ ಮಾತ್ರ ಪ್ರತಿ ಬುಧವಾರ ಬಂದ.

ಬುಧವಾರ ನಮ್ಮ ಶಾಲೆಯ ಊಟಕ್ಕೆ ಚಿಲಿ ಮತ್ತು ದಾಲ್ಚಿನ್ನಿ ರೋಲ್. ಮಾಂಸ, ಕಾಳು ಹಾಕಿದ ಖಾರದ ಸಾರಿನ ಜೊತೆ ಸಿಹಿ ರೋಲ್ ತಿನ್ನುವ ಈ ಅಭ್ಯಾಸ ಹೊರಗಿನವರಿಗೆ ತಮಾಷೆ, ನಮಗೆ ಅದೇ ಬುಧವಾರ. ಅಡುಗೆಮನೆಯವರು ಹಾಲಿಸ್‌ಗೆ ಒಂದು ರೋಲ್ ಕೊಡುತ್ತಿದ್ದರು. ಅವನು ಅದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಂಡು ಶಾಪಿಗೆ ಬಂದು ನನ್ನ ಬೆಂಚಿನ ಮೇಲೆ ಇಡುತ್ತಿದ್ದ.

"ನೀವು ತಿನ್ನಲ್ವಾ?"

"ನನಗೆ ಸಿಹಿ ಸೇರಲ್ಲ."

ಅದು ಶುದ್ಧ ಸುಳ್ಳು. ಕೆಫೆಯ ಲವೋನ್ ಹೇಳುವ ಪ್ರಕಾರ ಅವನು ಕೂತಲ್ಲೇ ಅರ್ಧ ಪೈ ಮುಗಿಸುವವನು. ನಾನು ರೋಲಿನ ಹೊರಗಿನ ಸುತ್ತು ಅವನಿಗೆ ಕೊಟ್ಟು, ನಡುವಿನ ಮೆತ್ತನೆಯ ತುಂಡು ನಾನೇ ತಿನ್ನುತ್ತಿದ್ದೆ. ಅವನು ಬೇಡ ಅನ್ನಲಿಲ್ಲ. ಸಿಹಿ ಸೇರದವನು ಬೆರಳನ್ನೂ ನೆಕ್ಕಿಕೊಳ್ಳುತ್ತಿದ್ದ.

ಚಳಿಗಾಲ ಹಾಗೆ ಕಳೆಯಿತು. ಹೊರಗೆ ಹಿಮ, ಒಳಗೆ ವೆಲ್ಡಿಂಗಿನ ಕಿಡಿ. ಬ್ರೀ ತೂತುಬಿದ್ದ ನೆಲದ ತಗಡನ್ನು ಕತ್ತರಿಸಿ ಹೊಸದು ಕೂರಿಸಿದಳು. ಓಸ್ವಾಲ್ಡೊ ಅನ್ನುವ ಉದ್ದ ಕಾಲಿನ ಹುಡುಗ ಕಾರ್ಬುರೇಟರನ್ನು ಎದೆಗೆ ಅವುಚಿಕೊಂಡು ಸ್ಪ್ಯಾನಿಷಿನಲ್ಲಿ ಅದಕ್ಕೆ ಬುದ್ಧಿ ಹೇಳಿದ. ಹಾಲಿಸ್ ಯಾರಿಗೂ ಅಡ್ಡ ಬರದೆ, ಕೇಳಿದ ಸ್ಪ್ಯಾನರ್ ಕೊಡುತ್ತಾ, ಹೇಳಿದಲ್ಲಿ ಬೆಳಕು ಹಿಡಿಯುತ್ತಾ ನಿಂತ. ನನ್ನ ಎಡ ಯಾವುದು ಅನ್ನುವುದು ಅವನಿಗೆ ಈಗ ಬಾಯಿಪಾಠವಾಗಿತ್ತು.

ಉಳಿದದ್ದು ಬಲಗಡೆ ಬಾಗಿಲು. ನಮ್ಮ ಕಡೆ ಸ್ಟೀರಿಂಗ್ ಎಡಕ್ಕೆ, ಬಲಗಡೆಯದು ಜೊತೆಗೆ ಕೂರುವವರ ಬಾಗಿಲು. ಚಿಲಕ ಸವೆದುಹೋಗಿ, ಮುಚ್ಚಿದರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಆ ಕಡೆಯ ಸೀಟಿನ ಸ್ಪ್ರಿಂಗುಗಳೂ ಹೊರಗೆ ಬಂದಿದ್ದವು.

"ಇದನ್ನ ಯಾವಾಗ ಮಾಡೋದು ಮಿಸ್?" ಬ್ರೀ ಕೇಳಿದಳು.

"ಮೊದಲು ಬ್ರೇಕ್ ನೋಡು. ನಿಲ್ಲದ ಗಾಡಿಗೆ ಬಾಗಿಲು ಯಾಕೆ?"

ಮಾರ್ಚಿನ ಒಂದು ಮಧ್ಯಾಹ್ನ ಇಂಜಿನ್ ಕೆಮ್ಮಿತು, ಉಗುಳಿತು, ಆಮೇಲೆ ಗುರುಗುಟ್ಟುತ್ತಾ ಓಡತೊಡಗಿತು. ಮಕ್ಕಳ ಕೂಗಿಗೆ ಪಕ್ಕದ ಬೀಜಗಣಿತದ ಕ್ಲಾಸು ಓಡಿ ಬಂತು. ಓಸ್ವಾಲ್ಡೊ ರೇಡಿಯೇಟರಿಗೆ ಮುತ್ತಿಟ್ಟು ತುಟಿ ಸುಟ್ಟುಕೊಂಡ. ಒಂದು ಸುತ್ತು ಓಡಿಸಿ ನೋಡಬೇಕಿತ್ತು. ಗಾಡಿ ಹಾಲಿಸ್‌ನದು, ಓಡಿಸುವವನು ಅವನೇ. ಗೇರ್‌ಬಾಕ್ಸಿನ ಸದ್ದು ಕೇಳಲು ಪಕ್ಕದಲ್ಲಿ ಒಬ್ಬರು ಇರಬೇಕು, ಅದು ಟೀಚರ ಕೆಲಸ.

ಬಲಗಡೆ ಬಾಗಿಲನ್ನು ಹಗ್ಗ ಹಾಕಿ ಕಟ್ಟಿದೆವು. ನಾನು ಅವನ ಕಡೆಯಿಂದಲೇ ಹತ್ತಿ ನಡುವೆ ಕೂತೆ.

ಇಲ್ಲೊಂದು ಮಾತು ಹೇಳಬೇಕು. ಹಳೆಯ ಪಿಕಪ್‌ಗಳಲ್ಲಿ ಸೀಟೆಂದರೆ ಒಂದೇ ಉದ್ದನೆಯ ಬೆಂಚು. ಹೆಂಗಸು ಆ ತುದಿಯ ಬಾಗಿಲಿಗೆ ಒರಗಿ ಕೂತರೆ ಅವಳು ತಂಗಿ, ಇಲ್ಲವೇ ನೆರೆಮನೆಯವಳು, ಅದೂ ಇಲ್ಲವೇ ಮದುವೆಯಾಗಿ ಬಹಳ ಕಾಲವಾದ ಹೆಂಡತಿ. ಆದರೆ ಆ ಬಾಗಿಲ ಬಳಿ ಜಾಗ ಖಾಲಿ ಇದ್ದೂ ಅವಳು ನಡುವೆ ಕೂತಿದ್ದಾಳೆ, ಹಿಂದಿನ ಗಾಜಿನಲ್ಲಿ ಎರಡು ತಲೆ ಒಟ್ಟಿಗೆ ಕಾಣುತ್ತಿವೆ ಅಂದರೆ, ನಮ್ಮ ಕಡೆ ಅದಕ್ಕೆ ಬೇರೆ ಪುರಾವೆ ಬೇಡ. ನಿಶ್ಚಿತಾರ್ಥದ ಉಂಗುರವನ್ನು ಜನ ಆಮೇಲೆ ನೋಡುತ್ತಾರೆ.

ಇದು ನನಗೆ ಗೊತ್ತಿರಲಿಲ್ಲವೇ? ನಾನು ಹುಟ್ಟಿ ಬೆಳೆದದ್ದೂ ಇಂಥದ್ದೇ ಊರಿನಲ್ಲಿ.

ಗೇರಿನ ಉದ್ದ ಕೋಲು ನನ್ನ ಮಂಡಿಯ ಪಕ್ಕದಲ್ಲೇ ನೆಲದಿಂದ ಎದ್ದಿತ್ತು. ಎರಡನೇ ಗೇರಿಗೆಂದು ಹಿಂದಕ್ಕೆ ಎಳೆದಾಗಲೆಲ್ಲ ಅವನ ಬೆರಳ ಗಿಣ್ಣುಗಳು ನನ್ನ ಮಂಡಿಗೆ ತಾಗುತ್ತಿದ್ದವು.

"ಕ್ಷಮಿಸಿ."

ಅಂಚೆ ಕಚೇರಿಯ ತಿರುವಿನಲ್ಲಿ ಮತ್ತೆ. "ಕ್ಷಮಿಸಿ."

"ಗೇರ್ ಹಾಕಿದ್ದಕ್ಕೆಲ್ಲ ಕ್ಷಮೆ ಕೇಳ್ತೀರಾ?"

"ಹಾಕದೇ ಹೋದ್ರೆ ಗಾಡಿ ನಿಂತು ಹೋಗುತ್ತೆ."

"ಹಾಗಿದ್ರೆ ಸುಮ್ನೆ ಹಾಕಿ ಮಾರಾಯ್ರೆ."

ಮುಂದಿನ ತಿರುವಿನಲ್ಲಿ ಅವನು ಸುಮ್ಮನೆ ಹಾಕಿದ. ಮುಖ ರಸ್ತೆಯ ಕಡೆಗೇ ಇತ್ತು, ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಅವನ ಅಂಗಿಯಿಂದ ಒಣಹುಲ್ಲಿನ ವಾಸನೆ ಬರುತ್ತಿತ್ತು. ಸೂರ್ಯ ಎದುರು ಗಾಜಿನಲ್ಲಿದ್ದ. ಇಷ್ಟು ಖುಷಿಯಾಗಿ ಎಷ್ಟು ಕಾಲವಾಯಿತೆಂದು ಯೋಚಿಸುತ್ತಾ ನಾನು ರಸ್ತೆ ನೋಡುತ್ತಿದ್ದೆ.

ಎದುರು ಬರುವ ಗಾಡಿಯವರು ನಮ್ಮ ಕಡೆ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ಅಷ್ಟೇ, ಒಂದು ಬೆರಳು. ಆ ದಿನ ಎಲ್ಲರೂ ಇಡೀ ಕೈ ಎತ್ತಿದರು. ಗೊಬ್ಬರದ ಲಾರಿಯವನು ಹಾರ್ನ್ ಕೂಡ ಹೊಡೆದ.

ಶಾಪಿಗೆ ವಾಪಸಾದಾಗ ಮಕ್ಕಳು ಸುತ್ತುವರಿದರು.

"ಗೇರ್‌ಬಾಕ್ಸ್ ಹೇಗಿದೆ ಮಿಸ್?"

"ಚೆನ್ನಾಗಿದೆ. ಒಂದು ಸದ್ದೂ ಇಲ್ಲ."

ಓಸ್ವಾಲ್ಡೊ ಬ್ರೀಯ ಮುಖ ನೋಡಿದ. "ಮಿಸ್, ಮೂರನೇ ಗೇರಲ್ಲಿ ನರಿ ಥರ ಊಳಿಡ್ತಿತ್ತು. ನಮಗೆ ಇಲ್ಲಿಗೇ ಕೇಳಿಸ್ತು."

ಮರುದಿನ ಬೆಳಿಗ್ಗೆ ಕಾಫಿಗೆಂದು ಲವೋನಳ ಕೆಫೆಗೆ ಹೋದರೆ ಒಳಗಿನ ಮಾತು ನಿಂತು ಹೋಯಿತು. ಲವೋನ್ ಕೇಳದೆಯೇ ನನ್ನ ಮುಂದೆ ಚೆರಿ ಪೈ ಇಟ್ಟಳು.

"ಇದು ನನ್ನ ಲೆಕ್ಕದಲ್ಲಿ. ಸರಿ, ಯಾವ ತಿಂಗಳಲ್ಲಿ ಇಟ್ಕೊಂಡಿದೀರಾ? ಚರ್ಚಿನ ಹಾಲ್ ಜೂನಲ್ಲಿ ಸಿಗಲ್ಲ ಕಣೆ, ಈಗಲೇ ಹೇಳಿಬಿಡು."

"ಏನು ಯಾವ ತಿಂಗಳು?"

"ನೋಡ್ರಪ್ಪ, ಏನೂ ಗೊತ್ತೇ ಇಲ್ಲ ಇವಳಿಗೆ!" ಅಂದಳು ಲವೋನ್. ಇಡೀ ಕೆಫೆ ನಕ್ಕಿತು. ಕಿಟಕಿ ಪಕ್ಕದ ಟೇಬಲಿನ ರೈತನೊಬ್ಬ, ಹಾಲಿಸ್‌ನ ನೆರೆಯವನು, "ಹಾಲಿಸ್ ಹೊಸ ಅಂಗಿ ತಗೊಂಡಾಗಲೇ ಅಂದ್ಕೊಂಡೆ," ಅಂದ.

ನನ್ನ ಸ್ವಭಾವವೇ ಹಾಗೆ. ಯಾರಾದರೂ ನನ್ನ ಮನಸ್ಸಿನಲ್ಲಿರುವುದನ್ನು ನನಗಿಂತ ಮೊದಲೇ ಹೇಳಿಬಿಟ್ಟರೆ ಮೈ ಉರಿದುಹೋಗುತ್ತದೆ.

"ಬಾಗಿಲು ಕೆಟ್ಟಿತ್ತು, ಅದಕ್ಕೆ ನಡುವೆ ಕೂತೆ, ಅಷ್ಟೇ!" ಅಂತ ಕಿರುಚಿದೆ. "ಬಾಗಿಲು ಸರಿ ಇದ್ದಿದ್ರೆ ಆ ಮನುಷ್ಯನ ಹತ್ತಿರಕ್ಕೂ ಹೋಗ್ತಿರಲಿಲ್ಲ."

ನಗು ಸಟ್ಟನೆ ನಿಂತಿತು. ಪೈ ಮುಟ್ಟದೆ ಎದ್ದು ಬಂದೆ. ನಮ್ಮೂರಲ್ಲಿ ಮಾತು ಹೋಗಲು ಪೆಟ್ರೋಲ್ ಬೇಕಿಲ್ಲ. ನಾನು ಶಾಲೆ ತಲುಪುವ ಮೊದಲೇ ಅದು ಹಾಲಿಸ್‌ನ ರ‍್ಯಾಂಚು ತಲುಪಿತ್ತು.

ಮುಂದಿನ ಬುಧವಾರ ನನಗೆ ಟೀಚರುಗಳ ಮೀಟಿಂಗ್ ಇತ್ತು. ಮುಗಿಸಿ ಓಡೋಡಿ ಬಂದರೆ ಶಾಪಿನಲ್ಲಿ ಹಾಲಿಸ್ ಇರಲಿಲ್ಲ. ಬೆಂಚಿನ ಮೇಲೆ ರೋಲ್ ಇತ್ತು. ಪಿಕಪ್ಪಿನ ಬಲಗಡೆ ಬಾಗಿಲಿಗೆ ಹೊಸ ಚಿಲಕ ಬಂದಿತ್ತು. ಸೀಟಿಗೆ ಹೊಸ ಸ್ಪ್ರಿಂಗು, ಅದರ ಮೇಲೆ ದಪ್ಪ ಬಟ್ಟೆಯ ಹೊದಿಕೆ.

"ಹಾಲಿಸ್ ತಾವೇ ಕೂರಿಸಿದ್ರು ಮಿಸ್," ಅಂದ ಓಸ್ವಾಲ್ಡೊ.

"ಏನಾದ್ರೂ ಅಂದ್ರಾ?"

"'ಇನ್ನು ಮಿಸ್ ಪೆಶೆಕ್ ಆರಾಮಾಗಿ ಆ ಕಡೆ ಕೂರಬಹುದು' ಅಂದ್ರು. ಅಷ್ಟೇ. ಹೊರಟುಹೋದ್ರು."

ನಾನು ಬಾಗಿಲು ತೆರೆದು ಮುಚ್ಚಿದೆ. ಟಪ್ ಎಂದು ಕೂತಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿದೆ. ಎಷ್ಟು ಚೆನ್ನಾಗಿ ಮಾಡಿದ್ದನೆಂದರೆ ತಪ್ಪು ಹುಡುಕಲೂ ಆಗಲಿಲ್ಲ. ಊರಿನವರ ಮಾತಿನಿಂದ ಅವನಿಗೆ ಮುಜುಗರವಾಗಿದೆ, ನಾನು ಪಕ್ಕದಲ್ಲಿ ಕೂರುವುದು ಅವನಿಗೆ ಬೇಡ, ಅದಕ್ಕೇ ಇಷ್ಟು ಅವಸರದಲ್ಲಿ ಬಾಗಿಲು ರಿಪೇರಿ ಮಾಡಿ ನನ್ನನ್ನು ಆ ತುದಿಗೆ ಕಳಿಸಿದ್ದಾನೆ. ನನಗೆ ತೋಚಿದ್ದು ಇದೇ. ರೋಲನ್ನು ಸಿಟ್ಟಿನಿಂದ ಪೂರ್ತಿ ತಿಂದೆ, ಹೊರಗಿನ ಸುತ್ತನ್ನೂ ಸೇರಿಸಿ.

ಆಮೇಲಿನ ಬುಧವಾರಗಳು ಬಂದವು, ಹೋದವು. ಹಾಲಿಸ್ ಬರಲಿಲ್ಲ. ಮಕ್ಕಳು ಗಾಡಿಗೆ ಕಡುಹಸಿರು ಬಣ್ಣ ಹೊಡೆದರು. ಗುಡ್ಡಗಳ ಮೇಲೂ ಹಸಿರು ಬಂತು. ಮೇ ತಿಂಗಳಲ್ಲಿ ಶಾಲೆಯ ಆಫೀಸಿಗೆ ಅವನ ಫೋನ್ ಬಂತು. ತನಗೆ ಕೆಲಸ ಬಹಳ, ಮೆರವಣಿಗೆ ಮುಗಿದ ಮೇಲೆ ನೆರೆಯವನನ್ನು ಕಳಿಸಿ ಪಿಕಪ್ ತರಿಸಿಕೊಳ್ಳುತ್ತೇನೆ ಅಂದನಂತೆ. ಅಂದರೆ ಮುಗಿಯಿತು. ಅವನು ಊರಿಗೆ ಬರುವುದೇ ಅಪರೂಪ. ಗಾಡಿ ಹೋದರೆ ಅವನು ನನ್ನ ಬಳಿ ಬರಲು ಕಾರಣವಿಲ್ಲ, ನಾನು ಅವನ ಬಳಿ ಹೋಗಲು ನೆಪವಿಲ್ಲ.

ನಾನು ಎಲ್ಲರ ಮೇಲೂ ರೇಗತೊಡಗಿದೆ. ಒಂದು ದಿನ ಓಸ್ವಾಲ್ಡೊ ಸ್ಪಾರ್ಕ್ ಪ್ಲಗ್ ಕೈಜಾರಿಸಿದ್ದಕ್ಕೆ ಎಷ್ಟು ಬೈದೆನೆಂದರೆ, ಬ್ರೀ ವೆಲ್ಡಿಂಗ್ ಮುಖವಾಡವನ್ನು ಮೇಲಕ್ಕೆತ್ತಿ ನನ್ನ ಮುಂದೆ ಬಂದು ನಿಂತಳು.

"ಮಿಸ್, ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಮೊದಲು ಏನು ಮಾಡ್ಬೇಕು?"

"ಇದೇನು ಈಗ?"

"ಹೇಳಿ."

"ಊಹೆ ಮಾಡಬಾರದು. ಟೆಸ್ಟ್ ಮಾಡಬೇಕು."

"ನೀವು ಮಾಡಿದ್ರಾ?"

ನಾನು ಕೆಳಗೆ ಬಿದ್ದಿದ್ದ ಸ್ಪಾರ್ಕ್ ಪ್ಲಗ್ ಎತ್ತಿ ಬೆಂಚಿನ ಮೇಲಿಟ್ಟೆ.

"ಶನಿವಾರ ಹಾಲಿಸ್ ಮನೇಲಿ ಕರುಗಳಿಗೆ ಮುದ್ರೆ ಹಾಕ್ತಾರೆ," ಅಂದಳು ಬ್ರೀ, ಬಹಳ ಸಾಮಾನ್ಯ ಧ್ವನಿಯಲ್ಲಿ. "ನಾನೂ ಓಸ್ವಾಲ್ಡೊನೂ ಕರು ಹಿಡಿಯೋಕೆ ಹೋಗ್ತಿದ್ದೀವಿ. ಪಿಕಪ್ಪಿಗೆ ದೂರದ ಓಟ ಒಂದು ಬಾಕಿ ಇದೆಯಲ್ಲ ಮಿಸ್. ಟೀಚರೇ ಓಡಿಸಿ ನೋಡಬೇಕು."

ಶನಿವಾರ ಒಬ್ಬಳೇ ಓಡಿಸಿಕೊಂಡು ಹೊರಟೆ. ಎದುರು ಬಂದವರು ಒಂದೇ ಬೆರಳು ಎತ್ತಿದರು. ಒಂದು ಬೆರಳಿನಿಂದ ಇಷ್ಟು ಬೇಜಾರಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮುದ್ರೆ ಹಾಕುವ ದಿನ ಅಂದರೆ ಸುತ್ತಲಿನ ರ‍್ಯಾಂಚುಗಳವರೆಲ್ಲ ಒಬ್ಬರ ಮನೆಗೆ ಒಬ್ಬರು ನೆರವಿಗೆ ಬರುತ್ತಾರೆ. ಕುದುರೆಯವರು ಹಗ್ಗ ಬೀಸಿ ಕರುವನ್ನು ಬೆಂಕಿಯ ಬಳಿಗೆ ಎಳೆದು ತರಬೇಕು, ಇಬ್ಬರು ಹಿಡಿದುಕೊಳ್ಳಬೇಕು, ಒಬ್ಬರು ಲಸಿಕೆ ಚುಚ್ಚಬೇಕು, ಮನೆಯ ಒಡೆಯ ಕಾಯಿಸಿದ ಕಬ್ಬಿಣದಿಂದ ತನ್ನ ಗುರುತಿನ ಮುದ್ರೆ ಒತ್ತಬೇಕು. ಬೇಲಿಯಾಚೆ ತಾಯಿ ಹಸುಗಳು, ಈಚೆ ಕರುಗಳು, ಎರಡೂ ಕಡೆಯಿಂದ ಅರಚಾಟ. ಅಲ್ಲಿ ಕಾಲಿಟ್ಟವರು ಯಾರೂ ಕೈಕಟ್ಟಿ ನಿಲ್ಲುವಂತಿಲ್ಲ.

ಹಸಿರು ಪಿಕಪ್ ಧೂಳೆಬ್ಬಿಸಿ ನಿಂತಾಗ ಎಲ್ಲರ ತಲೆ ತಿರುಗಿತು. ಹಾಲಿಸ್ ನನ್ನ ಕಡೆ ನಡೆದು ಬಂದ. ಮುಖ ಇಳಿದಿತ್ತು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರುವ ಮೊದಲೇ ಲಸಿಕೆಯ ಸಿರಿಂಜನ್ನು ನನ್ನ ಕೈಗಿಟ್ಟ.

"ಕುತ್ತಿಗೆಗೆ. ಚರ್ಮದ ಕೆಳಗೆ," ಅಂದು ಬೆಂಕಿಯ ಆಚೆ ಬದಿಗೆ ಹೋಗಿಬಿಟ್ಟ.

ಚುಚ್ಚಿದೆ. ಒಂದು ಕರು, ಇನ್ನೊಂದು, ಮತ್ತೊಂದು. ನಾಲ್ಕನೆಯದಕ್ಕೆ ತಾಳ್ಮೆ ಮುಗಿಯಿತು.

"ಬಾಗಿಲು ಯಾಕೆ ಸರಿ ಮಾಡಿದ್ರಿ?" ಅಂತ ಕೂಗಿದೆ.

ಅರಚಾಟದಲ್ಲಿ ಅವನಿಗೆ ಕೇಳಲಿಲ್ಲ. ಕಿವಿಯ ಹಿಂದೆ ಕೈ ಇಟ್ಟ. ಕರುವಿನ ಕಾಲು ಹಿಡಿದು ಕೂತಿದ್ದ ಬ್ರೀ ಆ ಕಡೆ ತಿರುಗಿ ಗಂಟಲು ಹರಿಯುವಂತೆ ದಾಟಿಸಿದಳು: "ಬಾಗಿಲು ಯಾಕೆ ಸರಿ ಮಾಡಿದ್ರಿ ಅಂತ ಕೇಳ್ತಿದ್ದಾರೆ!"

ಹಾಲಿಸ್ ಏನೋ ಅಂದ. ಅದನ್ನು ಓಸ್ವಾಲ್ಡೊ ಇತ್ತ ದಾಟಿಸಿದ: "'ಬಾಗಿಲು ಸರಿ ಇದ್ದಿದ್ರೆ ನನ್ನ ಹತ್ತಿರಕ್ಕೂ ಬರ್ತಿರಲಿಲ್ಲ ಅಂತ ನೀವೇ ಹೇಳಿದ್ರಂತಲ್ಲ' ಅಂತಿದ್ದಾರೆ ಮಿಸ್!"

"ಹೇಳಿದ್ದು ನಿಜ, ನಾನೇ ಕೇಳಿದೀನಿ," ಅಂದಳು ಊಟದ ಪಾತ್ರೆ ಇಳಿಸುತ್ತಿದ್ದ ಲವೋನ್.

"ನೀನು ಸುಮ್ನಿರು ಲವೋನ್! ಅಷ್ಟು ಜನ ಬಾಯಲ್ಲಿ ಪೈ ಇಟ್ಕೊಂಡು ನನ್ನೇ ನೋಡ್ತಾ ಇದ್ರೆ ಇನ್ನೇನು ಹೇಳ್ಲಿ?"

ಅದನ್ನೂ ಬ್ರೀ ದಾಟಿಸಿದಳು. ಕುದುರೆಯ ಮೇಲಿದ್ದವರು ಹಗ್ಗ ಬೀಸುವುದನ್ನು ನಿಲ್ಲಿಸಿದ್ದರು. ಹಾಲಿಸ್ ನೆಲ ನೋಡಿದ. ಆಮೇಲೆ ಏನೋ ಅಂದ.

"'ನನ್ನಿಂದ ನಿಮಗೆ ಊರಲ್ಲಿ ತಲೆ ತಗ್ಗಿಸೋ ಹಾಗಾಯ್ತು. ಅದಕ್ಕೇ ಸರಿ ಮಾಡಿದೆ' ಅಂತಿದ್ದಾರೆ," ಅಂದ ಓಸ್ವಾಲ್ಡೊ. ಹುಡುಗನ ಧ್ವನಿ ಈಗ ಸ್ವಲ್ಪ ತಗ್ಗಿತ್ತು.

ಹಾಗಾದರೆ ಅವನು ನನ್ನನ್ನು ದೂರ ತಳ್ಳಿರಲಿಲ್ಲ. ನನ್ನ ಮಾನ ಕಾಪಾಡುತ್ತೇನೆಂದು ಹೋಗಿ ತನ್ನ ಬುಧವಾರಗಳನ್ನೇ ಕಳೆದುಕೊಂಡಿದ್ದ. ಈ ಮಾತಿಗೆ ಉತ್ತರವನ್ನು ಬೇರೆಯವರ ಬಾಯಲ್ಲಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಸಿರಿಂಜನ್ನು ಲವೋನಳ ಕೈಗೆ ತುರುಕಿ, ಹಗ್ಗ ದಾಟಿ, ಬೆಂಕಿ ಬಳಸಿ ಅವನ ಎದುರು ಹೋಗಿ ನಿಂತೆ.

"ಹಾಲಿಸ್, ನಾನು ಆಟೊ ಶಾಪ್ ಟೀಚರ್."

"ಗೊತ್ತು."

"ನಿಮ್ಮ ಇಂಜಿನ್ ಪೂರ್ತಿ ಬಿಚ್ಚಿ ಮಕ್ಕಳ ಕೈಲಿ ಮತ್ತೆ ಜೋಡಿಸಿದವಳು. ಬ್ರೇಕ್, ಕ್ಲಚ್, ಗೇರ್‌ಬಾಕ್ಸ್, ಎಲ್ಲ. ಒಂದು ಬಾಗಿಲ ಚಿಲಕ ಚಳಿಗಾಲ ಪೂರ್ತಿ ನನ್ನ ಕೈಗೆ ಬಗ್ಗಲಿಲ್ಲ ಅಂದ್ಕೊಂಡ್ರಾ?"

ಅವನಿಗೆ ಮಾತು ಇಳಿಯಲು ಯಾವಾಗಲೂ ಸ್ವಲ್ಪ ಹೊತ್ತು ಬೇಕು. ಅದು ಇಳಿಯುವುದನ್ನು ನಾನು ನೋಡಿದೆ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಗಂಟು ಬಿಚ್ಚಿತು. ಕೆಂಪು ಕತ್ತಿನಿಂದ ಹತ್ತಿ ಆ ಬಿಳಿ ಹಣೆಯನ್ನೂ ಮುಟ್ಟಿತು.

"ಬೇಕಂತಲೇ ಬಿಟ್ರಾ?"

"ಬೇಕಂತಲೇ. ನಿಮ್ಮ ಪಕ್ಕ ಕೂರ್ಬೇಕು ಅಂತ ಆಸೆ ಆಯ್ತು. ಬಾಯಿಬಿಟ್ಟು ಹೇಳೋಕೆ ಧೈರ್ಯ ಇರಲಿಲ್ಲ. ಕೆಫೇಲಿ ಹೇಳಿದ್ದು ಸುಳ್ಳು. ನೀವು ಬರದೇ ಇದ್ದ ಬುಧವಾರ ಒಂದೂ ನನಗೆ ಚೆನ್ನಾಗಿರಲಿಲ್ಲ."

ಅವನು ಮುದ್ರೆಯ ಕಬ್ಬಿಣವನ್ನು ನಿಧಾನವಾಗಿ ಬೆಂಕಿಗೆ ವಾಪಸ್ ಇಟ್ಟ. ಕೈಗಳನ್ನು ಜೀನ್ಸಿಗೆ ಒರೆಸಿಕೊಂಡ. ಕಣ್ಣಂಚಿನ ಗೆರೆಗಳು ಒಟ್ಟಾದವು, ಈ ಸಲ ಬಿಡಿಸಿಕೊಳ್ಳಲಿಲ್ಲ.

"ಹಾಗಾದ್ರೆ ಆ ಚಿಲಕ ಮತ್ತೆ ಕಿತ್ತು ಹಾಕ್ಲಾ?" ಅಂದ, ನನಗೊಬ್ಬಳಿಗೇ ಕೇಳುವಷ್ಟು ಹತ್ತಿರ ಬಂದು.

"ಬೇಡ. ಮಕ್ಕಳ ಮಾರ್ಕ್ಸ್ ಹೋಗುತ್ತೆ."

ಅವನು ಯೋಚಿಸಿದ. ನಿಜವಾಗಿಯೂ, ಗಂಭೀರವಾಗಿ ಯೋಚಿಸಿದ.

"ಹಂಗಿದ್ರೆ ನನ್ನ ಮದುವೆ ಆಗು, ಜೊಲೀನ್. ಬಾಗಿಲು ಸರಿ ಇದ್ದೂ ನೀನು ನಡುವೆ ಕೂರೋಕೆ ಬೇರೆ ದಾರಿ ನನಗೆ ಹೊಳೀತಿಲ್ಲ."

"ಏನಂದ? ಏನಂದ ಅವನು?" ಸಿರಿಂಜ್ ಎತ್ತಿ ಹಿಡಿದು ಲವೋನ್ ಆ ಕಡೆಯಿಂದ ಕೂಗಿದಳು. ಬ್ರೀ ಕರುವಿನ ಮೇಲೆ ಕೂತಲ್ಲಿಂದಲೇ ಕತ್ತು ಚಾಚಿ, "ಕೇಳಿಸ್ಲಿಲ್ಲ, ಥೂ!" ಅಂದಳು.

ನಾನು ಬೇಲಿಯಾಚೆಗೂ ಕೇಳುವಷ್ಟು ಗಟ್ಟಿಯಾಗಿ "ಆಗ್ತೀನಿ" ಅಂದೆ. ಅದನ್ನು ಮಾತ್ರ ಯಾರೂ ಯಾರಿಗೂ ದಾಟಿಸಬೇಕಾಗಿ ಬರಲಿಲ್ಲ.